ಮಾಕ್‌ನಲ್ಲಿ ಬರುತ್ತಿದ್ದ ಅಂಕ ಪರೀಕ್ಷೆಯಲ್ಲಿ ಏಕೆ ಬರುವುದಿಲ್ಲ

ವೈದ್ಯಕೀಯ ಪ್ರವೇಶಕ್ಕೆ ನಡೆಯುವ ನೀಟ್‌ನ ಫಲಿತಾಂಶ ಬಂದ ವಾರ ಪಿಯು ಕಾಲೇಜುಗಳ ಸ್ಟಾಫ್ ರೂಮಿನಲ್ಲಿ ಕೇಳಿಬರುವ ಮಾತು ಪ್ರತಿ ವರ್ಷವೂ ಹೆಚ್ಚುಕಡಿಮೆ ಒಂದೇ. "ಸರ್, ಮಾಕ್‌ನಲ್ಲಿ ಇವಳಿಗೆ 620ಕ್ಕೆ ಕಡಿಮೆ ಬಂದದ್ದೇ ಇಲ್ಲ. ಈಗ ನೋಡಿದರೆ 540. ಎಲ್ಲಿ ಎಡವಿದಳೋ ತಿಳಿಯುತ್ತಿಲ್ಲ" ಎಂದು ತಂದೆ ಹೇಳುತ್ತಾರೆ, ಮಗಳು ನೆಲ ನೋಡುತ್ತ ನಿಂತಿರುತ್ತಾಳೆ. ಹುಡುಗಿ ಹೆದರಿಬಿಟ್ಟಳು ಎಂದು ಒಬ್ಬರು, ಕೋಚಿಂಗ್‌ನವರು ಸುಲಭದ ಪತ್ರಿಕೆ ಕೊಟ್ಟು ಹುಬ್ಬಿಸಿದರು ಎಂದು ಇನ್ನೊಬ್ಬರು ಕಾರಣ ಹುಡುಕುತ್ತಾರೆ. ಇವೆರಡೂ ನಿಜವಿರಬಹುದು. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಮಾಕ್‌ನ, ಅಂದರೆ ಅಭ್ಯಾಸಕ್ಕೆಂದು ಬರೆದ ಮಾದರಿ ಪರೀಕ್ಷೆಯ, ಆ 620 ಮತ್ತು ನಿಜವಾದ ಪರೀಕ್ಷೆಯ ಈ 540 ಒಂದೇ ಅಳತೆಗೋಲಿನಿಂದ ಅಳೆದ ಸಂಖ್ಯೆಗಳೇ? ಅಲ್ಲವೆಂದಾದರೆ ಒಂದರಿಂದ ಇನ್ನೊಂದನ್ನು ಕಳೆದು 80 ಅಂಕ ಹೋಯಿತು ಎನ್ನುವ ಲೆಕ್ಕಕ್ಕೆ ಅರ್ಥವೇ ಇರುವುದಿಲ್ಲ.

ಅಳತೆಗೋಲು ಎಷ್ಟು ಬದಲಾಗಬಲ್ಲದು ಎಂಬುದನ್ನು ನೋಡಲು ಮಾಕ್ ಟೆಸ್ಟಿನವರೆಗೂ ಹೋಗಬೇಕಾಗಿಲ್ಲ; ಒಂದೇ ಪರೀಕ್ಷೆಯ ಎರಡು ವರ್ಷಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು. 2024ರ ನೀಟ್‌ನಲ್ಲಿ 720ಕ್ಕೆ 650ರ ಮೇಲೆ ಅಂಕ ಪಡೆದವರು ದೇಶದಲ್ಲಿ ಸುಮಾರು 30 ಸಾವಿರ ಮಂದಿ ಇದ್ದರು. ಮರುವರ್ಷ, ಅಂದರೆ 2025ರಲ್ಲಿ, 650 ದಾಟಿದವರು ಕೇವಲ 73 ಮಂದಿ. ದೇಶಕ್ಕೇ ಮೊದಲ ರ‍್ಯಾಂಕ್ ಪಡೆದ ವಿದ್ಯಾರ್ಥಿಗೆ ಬಂದದ್ದು 686. ಭೌತಶಾಸ್ತ್ರದ ಪ್ರಶ್ನೆಗಳು ಬಿಗಿಯಾಗಿದ್ದವು, ಸಮಯವೂ 200 ನಿಮಿಷದಿಂದ 180ಕ್ಕೆ ಇಳಿದಿತ್ತು. ಒಂದು ವರ್ಷದಲ್ಲಿ ದೇಶದ ಮಕ್ಕಳೆಲ್ಲ ದಡ್ಡರಾದರು ಎಂದು ಯಾರೂ ಹೇಳಲಾರರು. 650 ಎಂಬ ಅಂಕವೇ ಬೇರೆಯಾಯಿತು, ಅಷ್ಟೆ. 2024ರಲ್ಲಿ ರ‍್ಯಾಂಕ್ ಪಟ್ಟಿಯಲ್ಲಿ ಎಲ್ಲೋ ಹತ್ತಾರು ಸಾವಿರದಾಚೆ ನಿಲ್ಲಿಸುತ್ತಿದ್ದ ಅಂಕ ಮರುವರ್ಷ ಮೊದಲ ನೂರರೊಳಗೆ ತಂದು ಕೂರಿಸಿತು.

ಇದೇ ಸಂಗತಿ ಅರ್ಹತಾ ಅಂಕದಲ್ಲಿ ಇನ್ನೂ ನಿಚ್ಚಳವಾಗಿ ಕಾಣುತ್ತದೆ. ಸಾಮಾನ್ಯ ವರ್ಗದವರಿಗೆ ನೀಟ್ ಅರ್ಹತೆಯೆಂದರೆ 50ನೇ ಪರ್ಸೆಂಟೈಲ್, ಅಂದರೆ ಪರೀಕ್ಷೆ ಬರೆದವರ ಸಾಲಿನಲ್ಲಿ ನಟ್ಟನಡುವಿನ ಜಾಗ. ಆ ಜಾಗ ಪ್ರತಿ ವರ್ಷವೂ ಒಂದೇ. ಆದರೆ ಅಲ್ಲಿ ನಿಂತವರಿಗೆ ಬಂದ ಅಂಕ 2022ರಲ್ಲಿ 117, 2023ರಲ್ಲಿ 137, 2024ರಲ್ಲಿ ಪರಿಷ್ಕೃತ ಫಲಿತಾಂಶದಂತೆ 162, 2025ರಲ್ಲಿ 144. ನಡುವಿನ ವಿದ್ಯಾರ್ಥಿ ಅಲ್ಲೇ ನಿಂತಿದ್ದಾನೆ, ಅವನ ಕೈಯಲ್ಲಿರುವ ಚೀಟಿಯ ಸಂಖ್ಯೆ ಮಾತ್ರ 45 ಅಂಕಗಳಷ್ಟು ಮೇಲೆ ಕೆಳಗೆ ಓಡಾಡಿದೆ. ಅಧಿಕೃತ ಪರೀಕ್ಷೆಯೇ ವರ್ಷದಿಂದ ವರ್ಷಕ್ಕೆ ಹೀಗೆ ಜಾರುವಾಗ, ಯಾವುದೋ ಸಂಸ್ಥೆಯ ನಾಲ್ವರು ಉಪನ್ಯಾಸಕರು ಕುಳಿತು ಸಿದ್ಧಪಡಿಸಿದ ಪತ್ರಿಕೆಯ ಅಂಕ ಮುಂದಿನ ಮೇ ತಿಂಗಳ ಅಂಕಕ್ಕೆ ತಾಳೆಯಾಗಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ದಿನಪತ್ರಿಕೆಗಳು ಮಾಕ್ ಟೆಸ್ಟನ್ನು ಅಣಕು ಪರೀಕ್ಷೆ ಎಂದು ಬರೆಯುತ್ತವೆ. ತರಗತಿಯಲ್ಲಿ ಎಲ್ಲರೂ ಮಾಕ್ ಎಂದೇ ಅನ್ನುತ್ತಾರೆ. ಅಣಕು ಎಂಬ ಮಾತು ನನಗೆ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ. ಅಣಕಿಸುವವನು ದನಿಯನ್ನು ಹಿಡಿಯಬಲ್ಲ, ನಡಿಗೆಯನ್ನು ಹಿಡಿಯಬಲ್ಲ. ಆದರೆ ಅವನು ಅಣಕಿಸುವುದು ತಾನು ಈಗಾಗಲೇ ನೋಡಿರುವ ಮನುಷ್ಯನನ್ನೇ. ಮಾಕ್ ಪತ್ರಿಕೆ ತಯಾರಿಸುವವರಿಗೂ ಕಣ್ಣೆದುರಿಗಿರುವುದು ಹಿಂದಿನ ವರ್ಷದ ಪತ್ರಿಕೆ. 2024ರ ಸುಲಭ ಪತ್ರಿಕೆಯನ್ನು ನೋಡಿ ಹದ ಹಿಡಿದ ಮಾಕ್‌ಗಳಲ್ಲಿ ಅಭ್ಯಾಸ ಮಾಡಿದವರು 2025ರ ಮೇ ತಿಂಗಳಲ್ಲಿ ಬೆಚ್ಚಿಬಿದ್ದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಇದರ ಜೊತೆಗೆ ಕೆಲವು ಕೋಚಿಂಗ್ ಸಂಸ್ಥೆಗಳದ್ದು ತಮ್ಮದೇ ಲೆಕ್ಕಾಚಾರ: ಮೊದಮೊದಲು ಕಠಿಣ ಪತ್ರಿಕೆ ಕೊಟ್ಟು ಬಿಸಿ ಮುಟ್ಟಿಸುವುದು, ಪರೀಕ್ಷೆ ಹತ್ತಿರವಾದಂತೆ ಹದ ಇಳಿಸಿ ಧೈರ್ಯ ತುಂಬುವುದು. ಮಕ್ಕಳ ಅಂಕ ಜನವರಿಯಿಂದ ಏಪ್ರಿಲ್‌ಗೆ ಏರುತ್ತ ಹೋದದ್ದು ಓದಿನಿಂದಲೋ ಪತ್ರಿಕೆಯಿಂದಲೋ ಎಂಬುದು ಆ ಏರುರೇಖೆಯಿಂದ ತಿಳಿಯುವುದಿಲ್ಲ.

ಈ ಅಳತೆಗೋಲಿನ ಸಮಸ್ಯೆಗೆ ಪರಿಹಾರವೇ ಇಲ್ಲವೆಂದಲ್ಲ. ಅಮೆರಿಕದಲ್ಲಿ ಕಾಲೇಜು ಪ್ರವೇಶಕ್ಕೆ ಬಳಕೆಯಲ್ಲಿರುವ ಎಸ್‌ಎಟಿ ಪರೀಕ್ಷೆಯನ್ನು ನಡೆಸುವ ಕಾಲೇಜ್ ಬೋರ್ಡ್, ಬೇರೆಬೇರೆ ದಿನಗಳ ಪತ್ರಿಕೆಗಳ ಕಾಠಿಣ್ಯದ ವ್ಯತ್ಯಾಸವನ್ನು ಸಂಖ್ಯಾಶಾಸ್ತ್ರದ ವಿಧಾನಗಳಿಂದ ಸರಿದೂಗಿಸಿ, ಎಲ್ಲವನ್ನೂ 400ರಿಂದ 1600ರ ಒಂದೇ ಮಾಪಕಕ್ಕೆ ತರುತ್ತದೆ. ಅಭ್ಯಾಸಕ್ಕೆಂದು ತನ್ನ ಬ್ಲೂಬುಕ್ ಆ್ಯಪ್‌ನಲ್ಲಿ ಕೊಡುವ ಪೂರ್ಣಾವಧಿ ಪತ್ರಿಕೆಗಳ ಅಂಕವನ್ನೂ ಅದೇ ಮಾಪಕದಲ್ಲಿ ಹೇಳುತ್ತದೆ. ಹಾಗಾಗಿ ಅಲ್ಲಿ ಕುಳಿತ ಕನ್ನಡಿಗರ ಮನೆಯ ಹುಡುಗನೊಬ್ಬ ಅಧಿಕೃತ ಅಭ್ಯಾಸ ಪತ್ರಿಕೆಯಲ್ಲಿ 1380 ಪಡೆದರೆ, ಆ ಸಂಖ್ಯೆಗೂ ನಿಜವಾದ ಪರೀಕ್ಷೆಯ ಸಂಖ್ಯೆಗೂ ಹೋಲಿಸುವಷ್ಟು ನಂಟಿದೆ. ಅಷ್ಟಿದ್ದೂ ಅಲ್ಲಿನ ಫಲಿತಾಂಶ ಪತ್ರದಲ್ಲಿ ಅಂಕದ ಜೊತೆಗೇ ಒಂದು ವ್ಯಾಪ್ತಿಯನ್ನೂ ನಮೂದಿಸುತ್ತಾರೆ: ಇದೇ ವಿದ್ಯಾರ್ಥಿ ಮತ್ತೊಂದು ದಿನ ಬರೆದರೆ ಅಂಕ ಇಷ್ಟರಿಂದ ಇಷ್ಟರೊಳಗೆ ಬಂದೀತು ಎಂಬ ಸೂಚನೆ ಅದು. ನಮ್ಮ ಅಂಕಪಟ್ಟಿಗಳಿಗೆ ಈ ವಿನಯ ಇನ್ನೂ ಬಂದಿಲ್ಲ.

ನಮ್ಮಲ್ಲಿ ಇದಕ್ಕೆ ಸಮೀಪದ ಪ್ರಯತ್ನ ನಡೆಯುವುದು ಎಂಜಿನಿಯರಿಂಗ್ ಪ್ರವೇಶದ ರಾಷ್ಟ್ರೀಯ ಪರೀಕ್ಷೆಯಾದ ಜೆಇಇ ಮೇನ್‌ನಲ್ಲಿ. ಹಲವು ದಿನ, ಹಲವು ಪಾಳಿಗಳಲ್ಲಿ ಕಂಪ್ಯೂಟರಿನ ಮುಂದೆ ನಡೆಯುವ ಈ ಪರೀಕ್ಷೆಯಲ್ಲಿ ಪ್ರತಿ ಪಾಳಿಗೂ ಬೇರೆ ಪತ್ರಿಕೆ ಇರುವುದರಿಂದ, ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ಮೂಲ ಅಂಕವನ್ನು ಬದಿಗಿಟ್ಟು, ಆ ಪಾಳಿಯಲ್ಲಿ ಬರೆದವರಲ್ಲಿ ನೂರಕ್ಕೆ ಎಷ್ಟು ಮಂದಿ ನಿಮ್ಮಷ್ಟೇ ಅಥವಾ ನಿಮಗಿಂತ ಕಡಿಮೆ ಅಂಕ ಪಡೆದರು ಎಂಬುದನ್ನು ದಶಮಾಂಶದ ಏಳನೆಯ ಸ್ಥಾನದವರೆಗೆ ಲೆಕ್ಕ ಹಾಕಿ ಪರ್ಸೆಂಟೈಲ್ ಅಂಕವೆಂದು ಕೊಡುತ್ತದೆ. ಅಂಕದ ಬದಲು ಜಾಗ ನೋಡುವ ಕ್ರಮ ಇದು, ಸರಿಯಾದ ಕ್ರಮವೇ. ಇದನ್ನು ಕಂಡು ಮಾಕ್ ಸರಣಿಗಳನ್ನು ನಡೆಸುವ ಟೆಸ್ಟ್ ಸೀರೀಸ್‌ನವರೂ ತಮ್ಮ ಮಾಕ್‌ಗಳಿಗೆ ಪರ್ಸೆಂಟೈಲ್ ಕೊಡತೊಡಗಿದ್ದಾರೆ. ಅಲ್ಲಿಂದ ಹೊಸ ಗೊಂದಲ ಶುರುವಾಗುತ್ತದೆ.

ಜಾಗ ಎಂದರೆ ಯಾರ ನಡುವಿನ ಜಾಗ ಎಂಬುದೇ ಆ ಗೊಂದಲದ ಬೇರು. ಜೆಇಇ ಮೇನ್ ಬರೆಯುವವರು ಸುಮಾರು 14 ಲಕ್ಷ ಎಂದಿಟ್ಟುಕೊಂಡರೆ 98 ಪರ್ಸೆಂಟೈಲ್ ಎಂದರೆ ಮುಂದೆ ಸುಮಾರು 28 ಸಾವಿರ ಮಂದಿ ಇದ್ದಾರೆಂದು ಅರ್ಥ. ಒಂದು ಮಾಕ್ ಸರಣಿಯನ್ನು 5,000 ಮಂದಿ ಬರೆದಿದ್ದರೆ ಅದೇ 98 ಪರ್ಸೆಂಟೈಲ್ ಎಂದರೆ ಮುಂದಿರುವವರು ಕೇವಲ 100 ಮಂದಿ. ಆ 5,000 ಮಂದಿ ದೇಶದ ಗುಂಪಿನಿಂದ ಕಣ್ಣುಮುಚ್ಚಿ ಆರಿಸಿದವರಾಗಿದ್ದರೆ ಚಿಂತೆಯಿರಲಿಲ್ಲ. ಆದರೆ ಹಣ ತೆತ್ತು, ಎರಡು ವರ್ಷ ಕೋಚಿಂಗ್‌ನಲ್ಲಿ ಕುಳಿತು, ಭಾನುವಾರ ಬೆಳಗ್ಗೆ ತಪ್ಪದೆ ಬಂದು ಬರೆಯುವವರ ಗುಂಪು ಅದು. ಅರ್ಜಿ ಹಾಕಿದ್ದೇವೆ, ಹೋಗಿ ಬಂದರಾಯಿತು ಎಂದು ಪರೀಕ್ಷೆಗೆ ಬರುವ ದೊಡ್ಡ ಸಮೂಹ ಅಲ್ಲಿರುವುದಿಲ್ಲ. ಅಂಥ ಗುಂಪಿನಲ್ಲಿ 85 ಪರ್ಸೆಂಟೈಲ್ ಬಂದವನು ದೇಶದ ಸಾಲಿನಲ್ಲಿ ಅದಕ್ಕಿಂತ ಎಷ್ಟೋ ಮುಂದೆ ನಿಲ್ಲಬಹುದು. ಉಚಿತ ಆ್ಯಪ್‌ಗಳಲ್ಲಿ ಇದು ತಿರುಗುಮುರುಗು: ಅರ್ಧಕ್ಕೇ ಬಿಟ್ಟುಹೋದವರು, ಹನ್ನೊಂದನೇ ತರಗತಿಯವರು, ಕುತೂಹಲಕ್ಕೆ ತೆರೆದು ನೋಡಿದವರು, ಎಲ್ಲರೂ ಲೆಕ್ಕಕ್ಕೆ ಸೇರಿ ಪರ್ಸೆಂಟೈಲ್ ಉಬ್ಬಿಕೊಳ್ಳುತ್ತದೆ. ಆದ್ದರಿಂದ ಮಾಕ್‌ನ ಪರ್ಸೆಂಟೈಲ್ ಹೇಳಿದವರನ್ನು ಎಷ್ಟು ಮಂದಿ ಬರೆದಿದ್ದರು, ಎಂಥವರು ಬರೆದಿದ್ದರು ಎಂದು ಕೇಳದೆ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ.

ಕರ್ನಾಟಕದ್ದೇ ಪ್ರವೇಶ ಪರೀಕ್ಷೆಯಾದ ಸಿಇಟಿಗೆ ಬಂದರೆ ಕಥೆಗೆ ಇನ್ನೊಂದು ಮಗ್ಗುಲು ಸೇರುತ್ತದೆ. ಎಂಜಿನಿಯರಿಂಗ್ ರ‍್ಯಾಂಕ್ ನಿರ್ಧಾರವಾಗುವುದು ಸಿಇಟಿ ಅಂಕದಿಂದ ಮಾತ್ರವಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳಲ್ಲಿ ದ್ವಿತೀಯ ಪಿಯುಸಿಯ ಶೇಕಡಾವಾರು ಅಂಕಕ್ಕೆ ಅರ್ಧ, ಸಿಇಟಿಯ ಶೇಕಡಾವಾರು ಅಂಕಕ್ಕೆ ಅರ್ಧ ತೂಕ. ಕೋವಿಡ್‌ನಿಂದ ಪಿಯು ಪರೀಕ್ಷೆಯೇ ರದ್ದಾದ 2021ರಲ್ಲಿ ಮಾತ್ರ ಸಿಇಟಿ ಅಂಕವೊಂದನ್ನೇ ಲೆಕ್ಕಕ್ಕೆ ಹಿಡಿದಿದ್ದರು. ಹಾಗಿರುವಾಗ ಸಿಇಟಿ ಮಾಕ್‌ನ ಅಂಕ ಎಷ್ಟೇ ನಿಖರವಾಗಿದ್ದರೂ ಅದು ರ‍್ಯಾಂಕಿನ ಅರ್ಧ ಕಥೆಯನ್ನಷ್ಟೇ ಹೇಳಬಲ್ಲದು. ಒಂದು ಲೆಕ್ಕ ಮಾಡಿ ನೋಡೋಣ. ವಿದ್ಯಾರ್ಥಿನಿಯೊಬ್ಬಳಿಗೆ ಮಾಕ್‌ಗಳಲ್ಲಿ 180ಕ್ಕೆ ಸರಾಸರಿ 135, ಅಂದರೆ ಶೇ 75 ಬರುತ್ತಿದೆ; ಪಿಯುಸಿಯಲ್ಲಿ ಈ ಮೂರು ವಿಷಯಗಳಲ್ಲಿ ಶೇ 94 ಇದೆ. ಎರಡರ ಸರಾಸರಿ 84.5. ಅವಳ ಪಕ್ಕದ ಬೆಂಚಿನವಳಿಗೂ ಸಿಇಟಿಯಲ್ಲಿ ಅದೇ 135. ಆದರೆ ಪಿಯುಸಿಯಲ್ಲಿ ಶೇ 88 ಆದರೆ ಅವಳದು 81.5ಕ್ಕೆ ಇಳಿಯುತ್ತದೆ. ಈ 3 ಅಂಶಗಳ ವ್ಯತ್ಯಾಸವನ್ನು ಸಿಇಟಿಯಿಂದಲೇ ತುಂಬಿಕೊಳ್ಳಬೇಕಾದರೆ ಅವಳು ಸುಮಾರು 11 ಪ್ರಶ್ನೆಗಳಿಗೆ ಹೆಚ್ಚುವರಿಯಾಗಿ ಸರಿ ಉತ್ತರ ಕೊಡಬೇಕು. ಮಾಕ್‌ನಲ್ಲಿ ಇಬ್ಬರೂ ಸಮವಾಗಿದ್ದರು ಎಂಬ ಕಾರಣಕ್ಕೆ ರ‍್ಯಾಂಕ್ ಪಟ್ಟಿಯಲ್ಲಿ ಒಬ್ಬಳು ಸಾವಿರಗಟ್ಟಲೆ ಹಿಂದೆ ಬಿದ್ದದ್ದನ್ನು ಅನ್ಯಾಯವೆಂದು ಬಗೆಯುವವರು ಈ ಗುಣಾಕಾರವನ್ನು ಮೊದಲೇ ಮಾಡಿರುವುದಿಲ್ಲ.

ಇನ್ನು ಅದೃಷ್ಟದ ಪಾಲು. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾರೂ ಪ್ರಶ್ನೆಯನ್ನು ಖಾಲಿ ಬಿಡುವುದಿಲ್ಲ. ಕೊನೆಯ ಎರಡು ನಿಮಿಷಗಳಲ್ಲಿ ಉಳಿದ ಸಾಲುಗಳಿಗೆಲ್ಲ 'ಬಿ' ಎಂದೋ 'ಸಿ' ಎಂದೋ ಮಸಿ ಹಚ್ಚುವುದು ಎಲ್ಲ ಕೋಣೆಗಳಲ್ಲೂ ನಡೆಯುವ ಆಚರಣೆ. ಮೇಲಿನ ವಿದ್ಯಾರ್ಥಿನಿಯ 135ರ ಒಳಗೇ ಇಣುಕಿ ನೋಡಿ. ಪ್ರತಿ ವಿಷಯದ 60 ಪ್ರಶ್ನೆಗಳಲ್ಲಿ 40 ಅವಳಿಗೆ ಖಚಿತವಾಗಿ ಗೊತ್ತು, ಉಳಿದ 20ಕ್ಕೆ ಊಹೆ ಎಂದುಕೊಳ್ಳೋಣ. ಮೂರು ವಿಷಯಕ್ಕೆ 120 ಗೊತ್ತಿದ್ದವು, 60 ಊಹೆಯವು. ನಾಲ್ಕರಲ್ಲಿ ಒಂದು ಸರಿಯಾಗುವ ಲೆಕ್ಕದಲ್ಲಿ 60 ಊಹೆಗಳಿಂದ ಸರಾಸರಿ 15 ಅಂಕ ಬರಬೇಕು, ಒಟ್ಟು 135. ಆದರೆ ಸರಾಸರಿ ಎಂದರೆ ಪ್ರತಿ ಸಲವೂ ಅಷ್ಟೇ ಬರುತ್ತದೆಂದಲ್ಲ. ಸಂಭವನೀಯತೆಯ ಲೆಕ್ಕದಂತೆ ಮೂರು ಪರೀಕ್ಷೆಗಳಲ್ಲಿ ಸುಮಾರು ಎರಡರಲ್ಲಿ ಊಹೆಯ ಗಳಿಕೆ 12ರಿಂದ 18ರೊಳಗೆ ಇರುತ್ತದೆ. ಆಗೊಮ್ಮೆ ಈಗೊಮ್ಮೆ 9ಕ್ಕೆ ಇಳಿಯುತ್ತದೆ, 21ಕ್ಕೆ ಏರುತ್ತದೆ. ಅಂದರೆ ಒಂದಕ್ಷರ ಹೆಚ್ಚು ಓದದೆ, ಒಂದಕ್ಷರ ಮರೆಯದೆ, ಅವಳ ಅಂಕ 129ರಿಂದ 141ರವರೆಗೆ ಎಲ್ಲಿ ಬೇಕಾದರೂ ಬೀಳಬಹುದು. ಪಿಯುಸಿ ಅಂಕದೊಡನೆ ಸೇರಿಸಿದರೆ 82.8ರಿಂದ 86.2. ಮೂರು ಲಕ್ಷಕ್ಕೂ ಹೆಚ್ಚು ಮಂದಿ ಅರ್ಜಿ ಹಾಕುವ ಪರೀಕ್ಷೆಯಲ್ಲಿ ಈ ಎರಡು ತುದಿಗಳ ನಡುವೆ ಸಾವಿರಾರು ರ‍್ಯಾಂಕ್‌ಗಳ ಅಂತರವಿರುತ್ತದೆ.

ನೀಟ್‌ನಲ್ಲಿ ಸರಿ ಉತ್ತರಕ್ಕೆ 4, ತಪ್ಪಿಗೆ 1 ಅಂಕ ಕಡಿತ ಇರುವುದರಿಂದ ಈ ಓಲಾಟ ಬೇರೆ ರೂಪ ತಾಳುತ್ತದೆ. ಪೂರ್ತಿ ಕುರುಡಾಗಿ 20 ಪ್ರಶ್ನೆಗಳಿಗೆ ಗುರುತು ಹಾಕಿದರೆ ಸರಾಸರಿ ಲಾಭ 5 ಅಂಕ ಮಾತ್ರ. ಆದರೆ ಅದರ ಸುತ್ತಲಿನ ಏರಿಳಿತ ಆಚೆಗೆ 10, ಈಚೆಗೆ 10. ಐದು ರೂಪಾಯಿ ಲಾಭಕ್ಕೆ ಹತ್ತು ರೂಪಾಯಿ ಜೂಜಾಡಿದಂತೆ. ಗೊತ್ತಿದ್ದ ಪ್ರಶ್ನೆಯನ್ನೇ ಅವಸರದಲ್ಲಿ ತಪ್ಪಿಸಿಕೊಂಡರೆ ನಷ್ಟ 4 ಅಲ್ಲ, 5. ಅಂಥ ಮೂರು ಎಡವಟ್ಟುಗಳಿಗೆ 15 ಅಂಕ ಹೋಗುತ್ತದೆ. ಅಂಕಗಳು ಒತ್ತಾಗಿ ಕಿಕ್ಕಿರಿದಿರುವ ಎತ್ತರದಲ್ಲಿ ಆ 15 ಅಂಕ ಸರ್ಕಾರಿ ಸೀಟಿಗೂ ಖಾಸಗಿ ಕಾಲೇಜಿನ ಶುಲ್ಕಕ್ಕೂ ನಡುವಿನ ವ್ಯತ್ಯಾಸವಾಗಬಹುದು.

ಈ ಓಲಾಟವನ್ನು ಒಪ್ಪಿಕೊಂಡವರಿಗೆ ಮೊದಲ ಪ್ಯಾರಾದ ತಂದೆಯ ಮಾತಿನಲ್ಲಿ ಒಂದು ಸಣ್ಣ ಬಿರುಕು ಕಾಣುತ್ತದೆ. ಮನೆಯವರಿಗೆ ನೆನಪಿರುವುದು ಸಾಮಾನ್ಯವಾಗಿ ಒಳ್ಳೆಯ ಮಾಕ್‌ಗಳ ಅಂಕ. ಹತ್ತು ಮಾಕ್ ಬರೆದವಳಿಗೆ ಅವುಗಳಲ್ಲಿ ಅತ್ಯುತ್ತಮವಾದದ್ದು ಅವಳ ಸರಾಸರಿಗಿಂತ, ಸಾಮಾನ್ಯ ಏರಿಳಿತದ ಒಂದೂವರೆ ಪಟ್ಟು ಮೇಲಿರುತ್ತದೆ ಎಂಬುದು ಸಂಖ್ಯಾಶಾಸ್ತ್ರದ ಸರಳ ಲೆಕ್ಕ. ಏರಿಳಿತ 6 ಅಂಕವಿದ್ದರೆ ಅತ್ಯುತ್ತಮ ಅಂಕ ಸರಾಸರಿಗಿಂತ ಸುಮಾರು 9 ಹೆಚ್ಚು. 25 ಇದ್ದರೆ ಸುಮಾರು 38 ಹೆಚ್ಚು. ಆ ಅತ್ಯುತ್ತಮ ದಿನದಲ್ಲಿ ಓದಿದ್ದೂ ಇತ್ತು, ಊಹೆ ಹಿಡಿದದ್ದೂ ಇತ್ತು, ತನಗೆ ಒಗ್ಗುವ ಅಧ್ಯಾಯಗಳಿಂದಲೇ ಪ್ರಶ್ನೆ ಬಂದದ್ದೂ ಇತ್ತು. ನಿಜವಾದ ಪರೀಕ್ಷೆ ಮತ್ತೊಂದು ದಿನ, ಹನ್ನೊಂದನೆಯ ದಿನ. ಅದು ಸರಾಸರಿಯ ಆಸುಪಾಸಿಗೆ ಮರಳುವುದು ಸಹಜ. ಮೇಲಿನಿಂದ ಕೆಳಗೆ ಬಿದ್ದಂತೆ ತೋರುವುದರಲ್ಲಿ ದೊಡ್ಡ ಪಾಲು ಇದೇ ಮರಳುವಿಕೆ. ಕೋಚಿಂಗ್ ಸಂಸ್ಥೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪ್ರತಿ ಭಾನುವಾರ ಬರುವ ಟಾಪ್ 10 ಪಟ್ಟಿಯಲ್ಲಿ ಹೆಸರುಗಳು ವಾರ ವಾರ ಬದಲಾಗುವುದಕ್ಕೂ ಕಾರಣ ಇದೇ.

ಲೆಕ್ಕದ ಮಾತು ಬಿಟ್ಟು ಕೋಣೆಯೊಳಗೆ ಹೋಗೋಣ, ಏಕೆಂದರೆ ಪರಿಸ್ಥಿತಿಯ ವ್ಯತ್ಯಾಸ ನಿಜಕ್ಕೂ ಬೆಲೆ ಕೇಳುವುದು ಅಲ್ಲಿ. ಸಿಇಟಿಯ ಪ್ರಶ್ನೆಪತ್ರಿಕೆಯ ಮುಖಪುಟದಲ್ಲೇ ಒಟ್ಟು ಅವಧಿ 80 ನಿಮಿಷ, ಉತ್ತರಿಸಲು ಗರಿಷ್ಠ ಅವಧಿ 70 ನಿಮಿಷ ಎಂದು ಅಚ್ಚಾಗಿರುತ್ತದೆ. ಬೆಳಗ್ಗೆ 10.30ಕ್ಕೆ ಮೊದಲ ಗಂಟೆ. ಆಮೇಲಿನ ಹತ್ತು ನಿಮಿಷ ಉತ್ತರದ ವೃತ್ತಗಳನ್ನು ತುಂಬುವ ಓಎಂಆರ್ ಹಾಳೆಯಲ್ಲಿ ವಿವರ ತುಂಬಿಸಲು, ವರ್ಷನ್ ಕೋಡ್ ಸರಿಯಾಗಿ ಗುರುತಿಸಲು. 10.40ರ ಗಂಟೆ ಹೊಡೆದ ಮೇಲೆಯೇ ಪತ್ರಿಕೆ ಬಿಡಿಸಿ ಬರೆಯಬೇಕು. ಮನೆಯಲ್ಲಿ ಮೊಬೈಲಿನ ಅಲಾರಂ 80 ನಿಮಿಷಕ್ಕೆ ಇಟ್ಟುಕೊಂಡು ಮಾಕ್ ಬರೆದವನು, ಪ್ರಶ್ನೆಗೆ 70 ಸೆಕೆಂಡ್ ಸಿಗುವ ಪರೀಕ್ಷೆಗೆ 80 ಸೆಕೆಂಡಿನ ಅಭ್ಯಾಸ ಮಾಡಿರುತ್ತಾನೆ. ಆ ಹತ್ತು ನಿಮಿಷವೆಂದರೆ ಎಂಟು ಪ್ರಶ್ನೆಗಳಿಗೆ ಸಾಕಾಗುವ ಸಮಯ.

ನೀಟ್ ಈಗಲೂ ಕಾಗದದ ಮೇಲಿನ ಪರೀಕ್ಷೆ. ಅಭ್ಯಾಸ ಮಾತ್ರ ಬಹುಪಾಲು ಫೋನಿನ ಪರದೆಯ ಮೇಲೆ ನಡೆಯುತ್ತಿದೆ. ಆ್ಯಪ್‌ನಲ್ಲಿ ಉತ್ತರದ ಮೇಲೆ ಬೆರಳಿಟ್ಟರೆ ಮುಗಿಯಿತು, ಬೇಡವೆನಿಸಿದರೆ ಬದಲಾಯಿಸಲೂಬಹುದು. ಓಎಂಆರ್‌ನಲ್ಲಿ ಬಾಲ್ ಪೆನ್ನಿನಿಂದ ವೃತ್ತವನ್ನು ಅಂಚು ಮೀರದಂತೆ ತುಂಬಬೇಕು. ಒಮ್ಮೆ ಮಸಿ ಹತ್ತಿತೆಂದರೆ ಹತ್ತಿತು. ಒಂದು ವೃತ್ತಕ್ಕೆ 5 ಸೆಕೆಂಡ್ ಹಿಡಿದರೂ 180 ವೃತ್ತಗಳಿಗೆ 15 ನಿಮಿಷ. ಮೂರು ಗಂಟೆಯ ಮಾಕ್ ಅನ್ನು ಪರದೆಯ ಮೇಲೆ ಬರೆದವಳಿಗೆ ಪರೀಕ್ಷೆಯ ದಿನ ಕೈಗೆ ಸಿಗುವುದು ಎರಡು ಮುಕ್ಕಾಲು ಗಂಟೆ. ಪ್ರಶ್ನೆ 47ಕ್ಕೆ ಹಾಕಬೇಕಾದ ಗುರುತು 48ಕ್ಕೆ ಬಿದ್ದು, ಅಲ್ಲಿಂದ ಕೆಳಗಿನ ಸಾಲೆಲ್ಲ ಜಾರಿರುವುದು ಹತ್ತು ಪ್ರಶ್ನೆ ಕಳೆದ ಮೇಲೆ ಕಣ್ಣಿಗೆ ಬಿದ್ದಾಗ ಹೊಟ್ಟೆಯೊಳಗೆ ಏಳುವ ಸಂಕಟವನ್ನು ಯಾವ ಆ್ಯಪ್ ಕೂಡ ಕಲಿಸಲಾರದು. ಇದರ ಮೇಲೆ ಮೇ ತಿಂಗಳ ಮಧ್ಯಾಹ್ನ 2 ಗಂಟೆಯ ಪರೀಕ್ಷೆಗೆ 1.30ರೊಳಗೆ ಗೇಟು ದಾಟಿರಬೇಕು. ಊರಿನಿಂದ ಬಸ್ಸು ಹಿಡಿದು, ತಪಾಸಣೆಯ ಸಾಲಿನಲ್ಲಿ ನಿಂತು, ಊಟವೂ ಅಷ್ಟಕ್ಕಷ್ಟೇ ಆಗಿ ಬಂದವಳು ಬರೆಯುವುದೂ, ಬೆಳಗ್ಗೆ ಏಳಕ್ಕೆ ಸ್ನಾನ ಮುಗಿಸಿ ಫ್ಯಾನಿನ ಕೆಳಗೆ ಕುಳಿತು ಬರೆದ ಮಾಕ್ ಕೂಡ ಒಂದೇ ಹೇಗಾದೀತು?

ಭಾಷೆಯ ವಿಷಯ ನಮ್ಮ ರಾಜ್ಯದಲ್ಲಿ ಸಣ್ಣದಲ್ಲ. ಸಿಇಟಿ ಪತ್ರಿಕೆ ಇಂಗ್ಲಿಷ್ ಮತ್ತು ಕನ್ನಡದಲ್ಲಿರುತ್ತದೆ; ನೀಟ್ ಮತ್ತು ಜೆಇಇ ಮೇನ್ ಬರೆಯಬಹುದಾದ 13 ಭಾಷೆಗಳಲ್ಲಿ ಕನ್ನಡವೂ ಒಂದು. ಮಾರುಕಟ್ಟೆಯ ಮಾಕ್‌ಗಳು ಮಾತ್ರ ಬಹುತೇಕ ಇಂಗ್ಲಿಷ್‌ನಲ್ಲೇ ಸಿಗುತ್ತವೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಗೆ ಬಂದ ಹುಡುಗನಿಗೆ ಜೀವಶಾಸ್ತ್ರದ ಉದ್ದನೆಯ ಹೇಳಿಕೆ-ಕಾರಣ ಪ್ರಶ್ನೆಗಳನ್ನು ಇಂಗ್ಲಿಷ್‌ನಲ್ಲಿ ಓದಿ ಅರ್ಥಮಾಡಿಕೊಳ್ಳುವಲ್ಲೇ ಸಮಯ ಸೋರುತ್ತದೆ. ಮಾಕ್ ಅವನ ಜೀವಶಾಸ್ತ್ರವನ್ನು ಅಳೆಯುತ್ತಿದೆಯೋ ಇಂಗ್ಲಿಷನ್ನೋ ಹೇಳುವುದು ಕಷ್ಟ. ಇಂಥವನಿಗೆ ಮಾಕ್‌ಗಿಂತ ನಿಜವಾದ ಪರೀಕ್ಷೆಯಲ್ಲಿ ಹೆಚ್ಚು ಅಂಕ ಬರುವ ಸಾಧ್ಯತೆಯೂ ಉಂಟು. ಅಂಕ ಕಡಿಮೆಯಾದವರು ದೂರುತ್ತಾರೆ, ಹೆಚ್ಚಾದವರು ಸುಮ್ಮನೆ ಸಂಭ್ರಮಿಸುತ್ತಾರೆ. ಹಾಗಾಗಿ ಮಾಕ್ ಯಾವಾಗಲೂ ಹೆಚ್ಚೇ ತೋರಿಸುತ್ತದೆ ಎಂಬ ಭಾವನೆ ಬೆಳೆದುಬಂದಿದೆ.

ಪರೀಕ್ಷೆ ಮುಗಿದ ಮೇಲೂ ಅಂಕ ಸ್ಥಿರವಲ್ಲ ಎಂಬುದನ್ನು 2024 ಎರಡೆರಡು ಬಾರಿ ತೋರಿಸಿಕೊಟ್ಟಿತು. ಆ ವರ್ಷದ ಸಿಇಟಿಯಲ್ಲಿ ಪಠ್ಯಕ್ರಮದ ಹೊರಗಿನ ಪ್ರಶ್ನೆಗಳು ಬಂದವೆಂಬ ಗದ್ದಲವೆದ್ದು, ನಾಲ್ಕು ವಿಷಯಗಳ 240 ಪ್ರಶ್ನೆಗಳಲ್ಲಿ 50ನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. ಅದೇ ವರ್ಷದ ನೀಟ್‌ನಲ್ಲಿ ಭೌತಶಾಸ್ತ್ರದ ಒಂದು ಪ್ರಶ್ನೆಗೆ ಎರಡು ಉತ್ತರಗಳನ್ನು ಸರಿಯೆಂದು ಒಪ್ಪಿದ್ದು ಸುಪ್ರೀಂ ಕೋರ್ಟ್‌ವರೆಗೆ ಹೋಗಿ, ದೆಹಲಿ ಐಐಟಿಯ ತಜ್ಞರು ಒಂದೇ ಉತ್ತರ ಸರಿಯೆಂದು ಹೇಳಿದ ಮೇಲೆ 4 ಲಕ್ಷಕ್ಕೂ ಹೆಚ್ಚು ಮಂದಿಯ 5 ಅಂಕ ಕಡಿತವಾಯಿತು. 720ಕ್ಕೆ 720 ಪಡೆದವರ ಸಂಖ್ಯೆ ಮೊದಲು 67 ಇದ್ದದ್ದು, ಸಮಯ ನಷ್ಟಕ್ಕೆಂದು ಕೊಟ್ಟಿದ್ದ ಕೃಪಾಂಕ ರದ್ದಾದ ಬಳಿಕ 61ಕ್ಕೂ, ಈ ಒಂದು ಪ್ರಶ್ನೆಯಿಂದ 17ಕ್ಕೂ ಇಳಿಯಿತು. ಒಂದೇ ಒಂದು ಕೀ ಉತ್ತರಕ್ಕೆ ಇಷ್ಟು ಶಕ್ತಿಯಿರುವಾಗ, ಕೀ ಉತ್ತರದ ತಪ್ಪುಗಳನ್ನು ಯಾರೂ ಪ್ರಶ್ನಿಸದೆ ಬಿಡುವ ಮಾಕ್‌ಗಳ ಗತಿ ಹೇಳಬೇಕಾಗಿಲ್ಲ.

ಹಾಗಾದರೆ ಮಾಕ್ ಬರೆಯುವುದೇ ವ್ಯರ್ಥವೇ? ಖಂಡಿತ ಅಲ್ಲ, ಅಳೆಯುವುದಕ್ಕಿಂತ ಕಲಿಸುವುದರಲ್ಲಿ ಅದರ ಉಪಯೋಗ ಹೆಚ್ಚು. 2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಆದರೆ ಒಂದು ವಾರ ಕಳೆದ ಮೇಲೆ, ಒಮ್ಮೆ ಓದಿ ಆನಂತರ ನೆನಪಿನಿಂದ ಬರೆದು ನೋಡಿಕೊಂಡವರಿಗೆ ಹೆಚ್ಚು ನೆನಪಿತ್ತು. ನೆನಪನ್ನು ತಡಕಿ ತೆಗೆಯುವ ಕೆಲಸವೇ ನೆನಪನ್ನು ಗಟ್ಟಿ ಮಾಡುತ್ತದೆ. ಆದರೆ ಇದೇ ಗುಣ ಅಳತೆಗೆ ತೊಡಕು: ಈಗಾಗಲೇ ಬಿಡಿಸಿದ, ಕೀ ನೋಡಿದ ಪ್ರಶ್ನೆಗಳು ಮುಂದಿನ ಮಾಕ್‌ನಲ್ಲಿ ಅಂಕಿ ಬದಲಿಸಿಕೊಂಡು ಬಂದಾಗ ಬರುವ ಅಂಕ ಜ್ಞಾಪಕಶಕ್ತಿಯದು. ಹಳೆಯ ವರ್ಷಗಳ ಪತ್ರಿಕೆಗಳನ್ನು ಅಧ್ಯಾಯವಾರು ಬಿಡಿಸಿ ಮುಗಿಸಿದವನು ಅವೇ ಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬರೆದು ಪಡೆದ ಅಂಕಕ್ಕೆ ಭವಿಷ್ಯ ಹೇಳುವ ಯೋಗ್ಯತೆ ಇರುವುದಿಲ್ಲ.

ನನ್ನ ಮಟ್ಟಿಗೆ ಅತ್ಯಂತ ನೆಚ್ಚಬಹುದಾದ ಅಳತೆಗೋಲು ಕೋಚಿಂಗ್‌ನ ಮಾಕ್ ಅಲ್ಲ. ಮುಟ್ಟದೆ ಉಳಿಸಿಟ್ಟುಕೊಂಡ ಎರಡೋ ಮೂರೋ ಅಧಿಕೃತ ಪತ್ರಿಕೆಗಳು. ಅವುಗಳನ್ನು ಮುದ್ರಿಸಿಕೊಂಡು, ಓಎಂಆರ್ ಹಾಳೆಯ ಮೇಲೆ, ನಿಜವಾದ ಹೊತ್ತಿಗೇ, ಸಿಇಟಿಯಾದರೆ ದಿನಕ್ಕೆ ಎರಡು ಪತ್ರಿಕೆಗಳನ್ನು ನಡುವೆ ಬಿಡುವು ಕೊಟ್ಟು ಬರೆಯಬೇಕು. ಬಂದ ಅಂಕವನ್ನು ಈ ವರ್ಷದ ಕನಸಿನ ಕಟಾಫ್‌ಗೆ ಹೋಲಿಸದೆ, ಆ ಪತ್ರಿಕೆಯದೇ ವರ್ಷದಲ್ಲಿ ಅಷ್ಟು ಅಂಕಕ್ಕೆ ಯಾವ ರ‍್ಯಾಂಕ್ ಬಂದಿತ್ತೋ ಅದಕ್ಕೆ ಹೋಲಿಸಬೇಕು. ನೀಟ್‌ನ 2025ರ ಪತ್ರಿಕೆಯಲ್ಲಿ 520, 2024ರದರಲ್ಲಿ 650 ಬಂದರೆ ಅದು ಇಳಿಕೆಯಲ್ಲ. ಎರಡೂ ಹೆಚ್ಚುಕಡಿಮೆ ಒಂದೇ ಜಾಗವನ್ನು ತೋರಿಸುತ್ತಿರಬಹುದು. ಉಳಿದ ಮಾಕ್‌ಗಳ ಮಟ್ಟಿಗೆ, ಕೊನೆಯ ಐದರ ಸರಾಸರಿ ತೆಗೆದು, ಅದರ ಎರಡೂ ಕಡೆಗೆ ಒಂದಿಷ್ಟು ಜಾಗ ಬಿಟ್ಟು, ಇಷ್ಟರಿಂದ ಇಷ್ಟು ಎಂದು ಹೇಳುವುದೊಂದೇ ಪ್ರಾಮಾಣಿಕ ಉತ್ತರ.

ಅಂಕಕ್ಕಿಂತ ಹೆಚ್ಚು ಹೇಳುವುದು ತಪ್ಪುಗಳ ವಿಂಗಡಣೆ. ಗೊತ್ತೇ ಇರಲಿಲ್ಲ, ಗೊತ್ತಿದ್ದೂ ಎಡವಿದೆ, ಸಮಯ ಸಾಲದೆ ಬಿಟ್ಟೆ, ಊಹಿಸಿದ್ದು ಹಿಡಿಯಿತು: ಈ ನಾಲ್ಕು ಗುಂಪಿಗೆ ಪ್ರತಿ ಪ್ರಶ್ನೆಯನ್ನೂ ಹಾಕಿ ನೋಡಿದವರಿಗೆ ಎರಡು ಮಾಕ್‌ಗಳ 135 ಒಂದೇ 135 ಅಲ್ಲವೆಂಬುದು ಕಾಣುತ್ತದೆ. ಮೊದಲನೆಯದರಲ್ಲಿ 120 ಗೊತ್ತಿದ್ದು 15 ಊಹೆಯಿಂದ ಬಂದಿರಬಹುದು. ಎರಡನೆಯದರಲ್ಲಿ 126 ಗೊತ್ತಿದ್ದು 9 ಮಾತ್ರ ಊಹೆಯಿಂದ ಬಂದಿರಬಹುದು. ಅಂಕಪಟ್ಟಿ ನಿಂತಲ್ಲೇ ನಿಂತಂತೆ ತೋರಿದರೂ ಹುಡುಗಿ ಆರು ಪ್ರಶ್ನೆ ಮುಂದೆ ಹೋಗಿದ್ದಾಳೆ. ನಾಲ್ಕನೆಯ ಗುಂಪನ್ನು ಬರೆದಿಡುವವರು ಬಹಳ ಕಡಿಮೆ, ಏಕೆಂದರೆ ಸರಿಯಾದದ್ದನ್ನು ಯಾರೂ ತಿರುಗಿ ನೋಡುವುದಿಲ್ಲ.

ಫಲಿತಾಂಶ ಬಂದ ಮೇಲೂ ಅಣಕು ಎಂಬ ಮಾತು ಬೆನ್ನು ಬಿಡುವುದಿಲ್ಲ. ರ‍್ಯಾಂಕ್ ಕೈಗೆ ಸಿಕ್ಕಿ, ಕಾಲೇಜುಗಳ ಆಯ್ಕೆಯನ್ನು ಆದ್ಯತೆಯ ಕ್ರಮದಲ್ಲಿ ದಾಖಲಿಸಿದ ಮೇಲೆ, ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಮೊದಲು ಅಣಕು ಸೀಟು ಹಂಚಿಕೆಯ ಫಲಿತಾಂಶ ಪ್ರಕಟಿಸುತ್ತದೆ. ಇಲ್ಲಿ ರ‍್ಯಾಂಕ್ ನಿಜವಾದದ್ದು, ಕಾಲೇಜು ನಿಜವಾದದ್ದು, ಹಂಚಿಕೆಯ ನಿಯಮವೂ ನಿಜವಾದದ್ದೇ. ಆದರೂ ಅಲ್ಲಿ ಕಂಡ ಸೀಟು ಮೊದಲ ಸುತ್ತಿನಲ್ಲಿ ಹಲವರಿಗೆ ಸಿಗುವುದಿಲ್ಲ, ಕಾಣದ ಸೀಟು ಕೆಲವರಿಗೆ ಸಿಗುತ್ತದೆ. ಅಣಕು ಹಂಚಿಕೆಯನ್ನು ನೋಡಿದ ಮೇಲೆ ಆಯ್ಕೆಗಳನ್ನು ತಿದ್ದಲು ಎಲ್ಲರಿಗೂ ಅವಕಾಶವಿರುತ್ತದೆ. ಮುಂದಿನ ಸಾಲಿನಲ್ಲಿದ್ದವರು ತಿದ್ದುತ್ತಾರೆ, ಹಿಂದಿನ ಸಾಲಿನ ಸೀಟುಗಳೂ ಅದರೊಡನೆ ಜಾಗ ಬದಲಿಸುತ್ತವೆ.